ಬುಡವ್ವಾ, ಬುಡು!

ಪಾಂಡವಪುರದ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ದೊಡ್ಡ ಚರಿತ್ರೆಯಿದೆ. ಗೆಲುವೊಂದು ಮಾತ್ರ ಇಲ್ಲ. ಪ್ರಿನ್ಸಿಪಾಲರ ಬೀರುವಿನಲ್ಲಿರುವ ಒಂದೇ ಒಂದು ಕಪ್, ಶಿಸ್ತಿಗೆ ಬಂದದ್ದು. ಅದೂ ಮಿಕ್ಕ ತಂಡಗಳೆಲ್ಲ ಹೊಡೆದಾಡಿಕೊಂಡ ವರ್ಷ. ಸುಗ್ಗಿ ಬಂದರೆ ಸಿಮೆಂಟಿನ ಅಂಕಣದ ತುಂಬ ಅಕ್ಕಪಕ್ಕದವರ ರಾಗಿ ಒಣಗುತ್ತದೆ. ಆಗ ನಮ್ಮ ಆಟಗಾರ್ತಿಯರು ಕೋಳಿ ಓಡಿಸುತ್ತಾರೆ.

ನಾನು ಇಂದಿರ, ಅಲ್ಲಿ ಕನ್ನಡ ಮೇಡಂ. ಹುಡುಗಿಯರ ಜೊತೆ ಹೆಂಗಸೊಬ್ಬಳು ಇರಲೇಬೇಕೆಂದು ನನ್ನನ್ನು ತಂಡದ ಮ್ಯಾನೇಜರ್ ಮಾಡಿದರು. ಆಟದ ಗಂಧಗಾಳಿ ನನಗಿಲ್ಲ. ಗೊತ್ತಿದ್ದವರೂ ಸೋಲುತ್ತಿದ್ದುದರಿಂದ ನಾಚಿಕೆಯೇನೂ ಆಗಲಿಲ್ಲ.

ಈ ವರ್ಷ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟರು: ಒಂದು ಪಂದ್ಯವನ್ನಾದರೂ ಗೆಲ್ಲದಿದ್ದರೆ ತಂಡವೂ ಇಲ್ಲ, ಅಂಕಣವೂ ಇಲ್ಲ, ಅಲ್ಲಿ ಬೈಕು ನಿಲ್ಲಿಸಲು ಶೆಡ್ಡು. ಕಬ್ಬಿಣದ ಕಂಬಗಳೂ ಬಂದು ಬಿದ್ದವು. ಆಟ ಕಲಿಸುವ ಶಿವಲಿಂಗಯ್ಯ ಮೇಷ್ಟ್ರಿಗೆ ಅನ್ನ ಸೇರದಾಯಿತು. ಆ ಅಂಕಣಕ್ಕೆ ಗೆರೆ ಬಳಿಯುತ್ತಲೇ ಅವರ ತಲೆ ನರೆತಿತ್ತು.

"ಓಡೋ ಟ್ರಾಕ್ಟರಿಂದ ಕಬ್ಬು ಎಳ್ಕಂಡು ಬೆಳ್ದಿರೋ ಮಕ್ಳು ಮೇಡಂ. ಕೈ ಬಲೇ ಚುರುಕು. ಒಂದಾದ್ರೂ ಗೆಲ್ಲಾಕಿಲ್ವಾ?" ಎಂದು ನನ್ನನ್ನು ಕೇಳಿದರು. ಕೇಳಲು ಬೇರೆ ಯಾರೂ ಇರಲಿಲ್ಲ, ಪಾಪ.

ಕೆ.ಆರ್. ಪೇಟೆಯಲ್ಲಿ ಪಂದ್ಯ, ಎದುರಿಗೆ ನಾಗಮಂಗಲದವರು. ನಮ್ಮ ಕ್ಯಾಪ್ಟನ್ ಮೇಘನ ಕಿರಂಗೂರಿನವಳು. ಡೇರಿಗೆ ಹಾಲು ಹಾಕಿಯೇ ಬಸ್ಸು ಹತ್ತಿದ್ದಳು. ಹುಡುಗಿಯರು ಕೊನೆಯವರೆಗೂ ಸರಿಸಮವಾಗಿ ಆಡಿ ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಸೋಲುವುದೇ ಆದರೆ ಮೊದಲೇ ಸೋತು ಪುಣ್ಯ ಕಟ್ಟಿಕೊಳ್ಳಬಾರದೇ? ಕೊನೆಗಳಿಗೆಯಲ್ಲಿ ನಾಗಮಂಗಲದವರು ಎರಡು ಅಂಕ ಮುಂದಾದರು. ಚೆಂಡು ಮೇಘನಳ ಕೈಗೆ ಬಂದಾಗ ಅವಳಿನ್ನೂ ನಡುಗೆರೆಯ ಹತ್ತಿರ ನಿಂತಿದ್ದಳು. ಬುಟ್ಟಿ ಅಷ್ಟು ದೂರ, ಸಮಯ ಇಷ್ಟೇ ಇಷ್ಟು.

ಮೇಷ್ಟ್ರು ಕೈಚೆಲ್ಲಿದರು. "ಬುಡವ್ವಾ, ಬುಡು!" ಎಂದು ಕೂಗಿದರು.

ನಮ್ಮ ಕಡೆ ಬುಡು ಎಂದರೆ ಹೋಗಲಿ, ಆಸೆ ಬಿಡು ಎಂದರ್ಥ. 'ಎರಡೇಟು ಬುಡು' ಎನ್ನುವಾಗ ಬೀಸಿ ಬಾರಿಸು ಎಂದೂ ಅರ್ಥ. ಮೇಷ್ಟ್ರು ಹೇಳಿದ್ದು ಮೊದಲನೆಯದನ್ನು. ಮೇಘನಳಿಗೆ ಕೇಳಿಸಿದ್ದು ಎರಡನೆಯದು.

ಅವಳು ಬುಟ್ಟೇಬುಟ್ಟಳು. ಚೆಂಡು ಹಲಗೆಗೆ ಬಡಿದು, ರಿಂಗಿನ ಮೇಲೆ ಒಂದು ಸುತ್ತು ಹಾಕಿ, ಒಳಗೆ ಬಿತ್ತು. ಸೀಟಿ ಕೂಗಿತು. ಅಷ್ಟು ದೂರದಿಂದ ಹಾಕಿದರೆ ಮೂರು ಅಂಕವಂತೆ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದೆ. ನನ್ನ ಮದುವೆಯ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಅಂಕಣ ಉಳಿಯಿತು. ಎಲ್ಲರ ಹೆಗಲ ಮೇಲಿಂದ ಇಳಿದ ಮೇಘನ ನೇರ ಬಂದು ಮೇಷ್ಟ್ರ ಕಾಲು ಮುಟ್ಟಿದಳು.

"ನಂಗೆ ಧೈರ್ಯನೇ ಇರ್ನಿಲ್ಲ ಸಾ. ನೀವು ಬುಡು ಅಂದ್ರಲ್ಲ, ಅದ್ಕೇ ಬುಟ್ಟೆ. ನನ್ ಕೈಲಾಯ್ತದೆ ಅಂತ ಅಷ್ಟೊಂದ್ ನಂಬಿದ್ರಾ ಸಾ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಚೆಂಡನ್ನು ಚೀಲಕ್ಕೆ ಹಾಕತೊಡಗಿದೆ.

"ಊಂ ಕಣವ್ವ," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. "ನಂಬಿದ್ದೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಧ್ವನಿ ನಡುಗಿತು. ಹುಡುಗಿ ಅದನ್ನೂ ಸಂತೋಷಕ್ಕೆ ಅಂದುಕೊಂಡಳು.