ಎಂಟಡಿ ದಾರಿ

ತುಂಬಿದ ಚೀಲದ ಬಾಯಿಗೆ ದಬ್ಬಣ ಹಾಕಿ ಗುರುಸ್ವಾಮಿ ಎರಡನೇ ಹೊಲಿಗೆ ಎಳೆಯುತ್ತಿದ್ದಾಗ ಕೆಳಗಲ ಕೇರಿಯ ಕಡೆಯಿಂದ ತಮಟೆ ಕೇಳಿಸಿತು.

ಶ್ರಾವಣ ಹುಟ್ಟಿ ಎಂಟು ದಿನವಾಗಿತ್ತು. ಹಂಗಳದಿಂದಾಚೆಗಿನ ಆ ಊರಿನ ಸುತ್ತ ಎತ್ತ ನೋಡಿದರೂ ಚೆಂಡುಹೂವಿನ ಹೊಲ. ರಾತ್ರಿಯೆಲ್ಲ ಹಿಡಿದಿದ್ದ ಸೋನೆ ಬೆಳಗಿನ ಜಾವ ಬಿಟ್ಟು, ನೀರು ಕುಡಿದ ಹೂಗಳು ತಲೆ ತೂಗಿಕೊಂಡು ನಿಂತಿದ್ದವು. ಸಂಜೆಗೆ ಬಣ್ಣದ ಫ್ಯಾಕ್ಟರಿಯ ಲಾರಿ ಬರುವುದಿತ್ತು. ಕೇರಿಯಿಂದ ಬಂದಿದ್ದ ಆರು ಜನ ಹೆಂಗಸರು ಸೆರಗನ್ನು ಮಡಿಲು ಮಾಡಿಕೊಂಡು ಸಾಲು ಹಿಡಿದು ಕೀಳುತ್ತಿದ್ದರು. ಅವರಲ್ಲಿ ಹಿರಿಯಳಾದ ದೊಡ್ಡಮಾದಮ್ಮ ಸೊಂಟ ಎತ್ತಿ ನಿಂತಳು.

"ಸಾವಿನ್ ತಮಟೆ ಕಣ್ರಮ್ಮಿ. ಯಾರ್ದಿದ್ದದು?"

ಅಷ್ಟರಲ್ಲಿ ಗುರುಸಿದ್ದಮ್ಮನ ಮೊಬೈಲು ಹೊಡೆದುಕೊಂಡಿತು. ಕಿವಿಗಿಟ್ಟುಕೊಂಡವಳು ಅಲ್ಲೇ ಕುಕ್ಕರಿಸಿದಳು. "ಅಯ್ಯೋ ನಮ್ಮಪ್ಪಾ... ಚೆಲುವಯ್ಯ ಮೇಷ್ಟ್ರು ಓಗ್ಬುಟ್ರಂತೆ ಕಣಕ್ಕ."

"ನಂಗೆ ಎಬ್ಬೆಟ್ಟು ಬುಡ್ಸಿ ಸೈನ್ ಕಲ್ಸಿದ್ ಮಾರಾಯ," ಅಂದಳು ದೊಡ್ಡಮಾದಮ್ಮ. ಮಡಿಲಿನ ಹೂವನ್ನು ರಾಶಿಗೆ ಸುರಿದು ಸೆರಗು ಕೊಡವಿದಳು. "ಇವತ್ತು ನಮ್ಮುನ್ನ ಕರೀಬ್ಯಾಡಿ ಬುದ್ದಿ."

ಹೆಂಗಸರು ಸೋಲಾರ್ ತಂತಿಯ ಗೇಟು ದಾಟುವಾಗ ಗುರುಸಿದ್ದಮ್ಮ ಕೇಳಿದ್ದು ಗುರುಸ್ವಾಮಿಯ ಕಿವಿಗೆ ಬಿತ್ತು. "ಎತ್ಲಾಗಿಂದ ತಕ್ಕೊಂಡೋಯ್ತರಕ್ಕ?"

"ಇನ್ನೆತ್ಲಾಗಿಂದ? ಕೆರೆ ಸುತ್ಕಂಡು."

ಕೇರಿಯಲ್ಲಿ ನಿಂತರೆ ಸ್ಮಶಾನದ ಹೊಂಗೆಮರಗಳು ಕಾಣುತ್ತಿದ್ದವು. ನಡುವೆ ಇದ್ದದ್ದು ಗುರುಸ್ವಾಮಿಯ ಹೊಲ ಒಂದೇ. ಹಾಯ್ದುಹೋದರೆ ಒಂದು ಬೀಡಿ ಸೇದುವಷ್ಟು ಹೊತ್ತು. ಆದರೆ ಕಾಡುಹಂದಿಯ ನೆಪದಲ್ಲಿ ಹೊಲಕ್ಕೆ ತಂತಿ ಬಿದ್ದು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಕೇರಿಯವರು ತಮ್ಮ ಹೆಣಗಳನ್ನು ಕೆರೆ ಏರಿಯ ಮೇಲೆ ಎರಡು ಮೈಲಿ ಸುತ್ತಿ ಹೊರುತ್ತಿದ್ದರು.

ಹೆಂಡತಿ ಸುಧಾಮಣಿ ಬುತ್ತಿಯ ಮಂಕರಿ ಇಳಿಸಿಕೊಂಡು ಖಾಲಿ ಸಾಲುಗಳನ್ನು ನೋಡಿದಳು. "ಲಾರಿಯೋರ್ಗೆ ಏನೇಳದು?"

"ಏನೂ ಏಳ್ಬ್ಯಾಡ."

"ನೀವು ಓಗ್ಬನ್ನಿ ಮೊದ್ಲು. ನಿಮ್ಗೆ ಓದ್ಸಿದ ಮೇಷ್ಟ್ರು."

ಗುರುಸ್ವಾಮಿ ದಬ್ಬಣವನ್ನು ಚೀಲಕ್ಕೇ ಚುಚ್ಚಿಟ್ಟು ಎದ್ದ.

*

ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು ಲೆಕ್ಕದ ಪುಸ್ತಕ ಮುಚ್ಚಿಟ್ಟರು. "ಈ ಪುಸ್ತಕದಲ್ಲಿರೋ ಹೊಲಕ್ಕೆ ಯಾವನೂ ಗೊಬ್ಬರ ಹಾಕಿಲ್ಲ. ಬನ್ರಲಾ ಆಚೆಗೆ."

ಅವರ ಹತ್ತಿರ ಒಂದು ಹಗ್ಗವಿತ್ತು. ಅಡಿಗೊಂದು ಗಂಟು. ಊರಿನ ಬಾವಿ ಕಟ್ಟೆ, ಮಾರಿಗುಡಿ ಜಗಲಿ, ಎತ್ತಿನ ಬೆನ್ನು, ಎಲ್ಲವನ್ನೂ ಆ ಹಗ್ಗದಿಂದ ಅಳೆಸಿದ್ದರು. ಅವತ್ತು ಕರೆದುಕೊಂಡು ಹೋದದ್ದು ಗುರುಸ್ವಾಮಿಯ ಅಪ್ಪ ಮಹದೇವಯ್ಯನ ಹೊಲಕ್ಕೆ. ಹೊಲದ ನಡುವಿನ ದಾರಿಗೆ ಅಡ್ಡಲಾಗಿ ಹಗ್ಗದ ಈ ತುದಿ ಗುರುಸ್ವಾಮಿಗೆ, ಆ ತುದಿ ಕೇರಿಯ ಮಾದೇಶನಿಗೆ.

ಬದುವಿನ ಮೇಲೆ ಕೂತು ನೋಡುತ್ತಿದ್ದ ಮಹದೇವಯ್ಯ, "ಅದು ಹೆಣ ಓಗೋ ದಾರಿ ಕಣ್ರಿ ಮೇಷ್ಟ್ರೆ. ಮಕ್ಕಳ ಕೈಲಿ ಯಾಕ್ ಅಳೆಸ್ತೀರಿ?" ಅಂದ.

"ಎಲ್ರೂ ಓಗೋ ದಾರಿ ತಾನೇ ಮಾದೇವಯ್ನೋರೆ," ಎಂದು ನಕ್ಕರು ಮೇಷ್ಟ್ರು. ಮಹದೇವಯ್ಯನೂ ನಕ್ಕ.

"ಎಷ್ಟು ಬಂತಲೇ ಗುರುಸ್ವಾಮಿ?"

"ಎಂಟ್ ಗಂಟು ಸಾ."

"ಇನ್ನೊಂದ್ಸಲ ಅಳೆ."

"ಎಂಟೇ ಸಾ."

"ಎರಡ್ಸಲನೂ ಎಂಟೇನಾ? ಅಂಗಾರೆ ಬರ್ಕೊ. ಅಳೆದ ಮೇಲೆ ಹೆದರ್ಬಾರ್ದು."

ಗುರುಸ್ವಾಮಿ ಸ್ಲೇಟಿನ ಮೇಲೆ ದೊಡ್ಡದಾಗಿ ಎಂಟು ಬರೆದ. ಮೇಷ್ಟ್ರು ಅವನ ತಲೆ ನೇವರಿಸಿ, ಲೆಕ್ಕದಲ್ಲಿ ಇವನು ತಪ್ಪೋನಲ್ಲ ಎಂದು ಎಲ್ಲರೆದುರು ಹೇಳಿದರು. ಆ ಮಾತನ್ನು ಅವನು ಮನೆಗೆ ಹೋಗಿ ಅವ್ವನಿಗೂ ಹೇಳಿದ್ದ, ಎಮ್ಮೆಗೂ ಹೇಳಿದ್ದ.

*

ಕೇರಿಯ ಬಾಯಲ್ಲಿ ಫ್ಲೆಕ್ಸು ಆಗಲೇ ಎದ್ದಿತ್ತು. ಶಾಮಿಯಾನದ ಕೆಳಗೆ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಪೆನ್ಷನ್ ಆಗಿ ಹದಿನಾಲ್ಕು ವರ್ಷವಾದರೂ ಅದೇ ಬಿಳಿ ಅಂಗಿ, ಜೇಬಿನಲ್ಲಿ ಅದೇ ಪೆನ್ನು. ಗುಂಡ್ಲುಪೇಟೆಯಿಂದ, ಚಾಮರಾಜನಗರದಿಂದ ಹಳೆಯ ಹುಡುಗರು ಬೈಕಿನಲ್ಲಿ ಬಂದು ಇಳಿಯುತ್ತಿದ್ದರು. ಹುಡುಗರೆಂದರೆ ತಲೆ ನೆರೆತವರು, ಮೊಮ್ಮಕ್ಕಳನ್ನು ಕಂಡವರು.

ಗುರುಸ್ವಾಮಿಯ ಹಾಗೆ ಮೇಗಲ ಬೀದಿಯವನಾದ ಪುಟ್ಟಮಲ್ಲಪ್ಪ ಪಕ್ಕದವರಿಗೆ ಹೇಳುತ್ತಿದ್ದ. "ಎಮ್ಮೆ ಮೇಯ್ಸಕ್ಕೆ ಕಳ್ಸುದ್ರು ಅಂತ ನಾನ್ ಇಸ್ಕೂಲ್ ಬುಟ್ರೆ, ಕಾಡಂಚ್ಗೇ ಬಂದ್ರು ಕಣ್ಲಾ. ಎಮ್ಮೆ ಮ್ಯಾಲ್ ಕೂತ್ಕಂಡೇ ಹನ್ನೆರಡ್ನೇ ಮಗ್ಗಿ ಒಪ್ಪುಸ್ದೆ."

"ಎಮ್ಮೆಗಾದ್ರೂ ಬಂತಾ?"

"ಅದ್ಕ್ ಬಂತು ಕಣ. ನಂಗೆ ಇನ್ನೂ ಬಂದಿಲ್ಲ."

ನಗು ಎದ್ದು, ಮೇಷ್ಟ್ರ ಮುಖ ನೋಡಿ ಅಡಗಿತು. ಗುರುಸ್ವಾಮಿ ಹಾರ ಹಾಕಿ ಕಾಲು ಮುಟ್ಟಿದ. ಯಾರೋ ಓಡಿಬಂದು ಅವನಿಗೆಂದೇ ಒಂದು ಕುರ್ಚಿ ಒರೆಸಿ ಹಾಕಿದರು. ಅದರಲ್ಲಿ ಕೂರಲಾಗದೆ ಅವನು ಕಂಬ ಹಿಡಿದು ನಿಂತ.

ಹೆಣದ ಬಳಿ ಕೂತಿದ್ದ ಮೇಷ್ಟ್ರ ಹೆಂಡತಿ ಸುಂದ್ರಮ್ಮ ತಲೆ ಎತ್ತಿದರು. "ಬಂದ್ಯಾ ಗುರುಸ್ವಾಮಪ್ಪ. ಮಂಚ ಹಿಡ್ದಾಗ್ಲಿಂದ ಕೇಳೋರು, ಗುರುಸ್ವಾಮಿ ಬಂದಿದ್ನಾ ಅಂತ. ಇಲ್ಲ ಅಂದ್ರೆ, ಬತ್ತನೆ ಬುಡು, ಅವ್ನೇ ಬತ್ತನೆ ಅನ್ನೋರು."

ಅವರ ದನಿಯಲ್ಲಿ ಹಂಗಿಸುವುದು ಇರಲಿಲ್ಲ. ಇದ್ದಿದ್ದರೆ ಅವನಿಗೆ ಅಲ್ಲಿ ನಿಲ್ಲುವುದು ಸ್ವಲ್ಪ ಸುಲಭವಾಗುತ್ತಿತ್ತು. ಅವರ ಮನೆಗೂ ಅವನ ಮನೆಗೂ ಇದ್ದದ್ದು ಮೂರು ಬೀದಿ. ಮೇಷ್ಟ್ರು ಮಲಗಿದ್ದು ಏಳು ತಿಂಗಳು.

ಮಾದೇಶ ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದ. ಈಗ ಗುಂಡ್ಲುಪೇಟೆಯಲ್ಲಿ ಲೈನ್‌ಮ್ಯಾನು. ಗುರುಸ್ವಾಮಿ ಹತ್ತಿರ ಹೋಗಿ, "ಎಷ್ಟೊತ್ಗೆ ಎತ್ತದು ಮಾದೇಶ?" ಅಂದ.

"ಮೂರಕ್ಕೆ. ಮೇಷ್ಟ್ರ್ ಮಗಳು ಕುಮಾರಿ ಉಮ್ಮತ್ತೂರಿಂದ ಬರ್ಬೇಕು." ಮಾದೇಶ ಗಂಟು ಎಳೆದ. "ಲೇಟ್ ಮಾಡಂಗಿಲ್ಲ. ಕೆರೆ ಸುತ್ಬೇಕಲ್ಲ. ಏರಿ ಮ್ಯಾಲೆ ಮೊಣಕಾಲುದ್ದ ಕೆಸ್ರದೆ. ಓದ್ವರ್ಸ ಸಣ್ಣಮ್ಮುನ್ನ ತಕ್ಕೊಂಡೋಗ್ವಾಗ ಜಾರಿ, ಹೆಣ ಕೆಳಕ್ಕೇ ಬಿತ್ತು. ನೀನ್ ಕೇಳಿರ್ಬೇಕು."

ಕೇಳಿದ್ದ. ನಮ್ಮ ಹೊಲದ ಮೇಲೇ ಬನ್ನಿ ಎಂಬ ಮಾತು ಗುರುಸ್ವಾಮಿಯ ನಾಲಗೆಯ ತುದಿಗೆ ಬಂತು. ಆದರೆ ಆ ಮಾತಿನ ಬೆನ್ನಿಗೆ ಇನ್ನೊಂದು ಮಾತು ಅಂಟಿಕೊಂಡಿತ್ತು. ಅದನ್ನು ಬಿಟ್ಟು ಇದೊಂದನ್ನೇ ಆಡುವಂತಿರಲಿಲ್ಲ. ಪುಟ್ಟಮಲ್ಲಪ್ಪ ಈ ಕಡೆಯೇ ನೋಡುತ್ತಿದ್ದ.

"ಊ," ಎಂದಷ್ಟೇ ಹೇಳಿ ಅವನು ಹೊರಟುಬಂದ.

*

ತಂತಿ ಹಾಕಿದ ವರ್ಷ ಕೇರಿಯವರು ಅರ್ಜಿ ಕೊಟ್ಟು ಸರ್ವೆಯವನನ್ನು ಕರೆಸಿದ್ದರು. ಅವನ ನಕ್ಷೆ ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ದಾರಿ ಇರಬೇಕಾದಲ್ಲಿ ತೂತಿತ್ತು. ಅವನು ನಕ್ಷೆ ಸುತ್ತಿಟ್ಟು ಹೊಲದ ನಡುವೆ ನಿಂತು ಕೇಳಿದ. "ಇಲ್ಲಿ ದಾರಿ ಇತ್ತೇನ್ರಿ?"

ಈ ಕಡೆ ಮೇಗಲ ಬೀದಿಯವರೆಲ್ಲ, ಆ ಕಡೆ ಕೇರಿಯವರೆಲ್ಲ ನಿಂತಿದ್ದರು. "ಇಲ್ಲ ಸಾ," ಅಂದ ಗುರುಸ್ವಾಮಿ. "ನಮ್ಮಪ್ಪನ ಕಾಲ್ದಿಂದ್ಲೂ ಉಳೋ ನೆಲವೇ."

ಸರ್ವೆಯವನು ಮೇಷ್ಟ್ರ ಕಡೆ ತಿರುಗಿದ. "ನೀವೇನಂತೀರಿ ಮೇಷ್ಟ್ರೆ? ನಿಮ್ಮ ಮಾತು ಈ ಊರಲ್ಲಿ ಎರಡೂ ಕಡೆಯವರು ಒಪ್ತಾರಂತೆ."

ಮೇಷ್ಟ್ರು ಗುರುಸ್ವಾಮಿಯನ್ನೇ ನೋಡುತ್ತಿದ್ದರು. "ನಾನು ಹೇಳೋದು ಬೇಡ ಸಾರ್. ಈ ನೆಲ ಅಳೆದಿರೋನು ಅವನೇ. ಅವನನ್ನೇ ಇನ್ನೊಂದ್ಸಲ ಕೇಳಿ."

ಸರ್ವೆಯವನು ಇನ್ನೊಂದು ಸಲ ಕೇಳಿದ.

"ಇಲ್ಲ ಸಾ."

ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಹೊರಟುಹೋದರು. ನೀವೊಂದು ಮಾತಾಡಿದ್ದರೆ ನಮ್ಮ ದಾರಿ ನಮಗೆ ಸಿಗುತ್ತಿತ್ತು ಎಂದು ಮಾದೇಶ ಅವರ ಮನೆ ಮುಂದೆ ನಿಂತು ಕೂಗಾಡಿದನಂತೆ. ಆಡಬೇಕಾದವನು ನಾನಲ್ಲ ಕಣಪ್ಪ ಎಂದಷ್ಟೇ ಅಂದರಂತೆ ಮೇಷ್ಟ್ರು. ಮಾದೇಶ ಎರಡು ವರ್ಷ ಅವರ ಜೊತೆ ಮಾತು ಬಿಟ್ಟಿದ್ದ.

ತಿಂಗಳ ಮೇಲೆ ಗುರುಸ್ವಾಮಿಗೆ ಅವರು ಬಸ್‌ಸ್ಟಾಪಿನಲ್ಲಿ ಸಿಕ್ಕಿದರು. ಅವನು ತಲೆ ತಗ್ಗಿಸಿ ನಿಂತ. "ಚೆನ್ನಾಗಿದ್ದೀರಾ ಗುರುಸ್ವಾಮಪ್ಪನವ್ರೆ?" ಅಂದರು. ಮೊದಲಿನಿಂದಲೂ ಅವನನ್ನು ಲೇ ಎಂದೇ ಕರೆದಿದ್ದ ಬಾಯಿ ಅದು.

*

ಕೇರಿಯಿಂದ ಬಂದವನು ಕುಡುಗೋಲು ಹಿಡಿದದ್ದು ಕಂಡು ಸುಧಾಮಣಿಯೂ ಇನ್ನೊಂದು ಹಿಡಿದುಕೊಂಡು ಬಂದಳು. ಗುರುಸ್ವಾಮಿ ತಂತಿಯ ಕರೆಂಟು ತೆಗೆದು, ಸ್ಮಶಾನದ ಕಡೆಯ ತಂತಿ ಬಿಚ್ಚಿ, ಕೇರಿ ಕಡೆಯ ಗೇಟನ್ನು ಹಾರುಹೊಡೆದ. ಆಮೇಲೆ ಬದುವಿನಿಂದ ಪಾದಕ್ಕೆ ಪಾದ ಸೇರಿಸಿ ಎಣಿಸಿ, ಎರಡು ಕಡ್ಡಿ ನೆಟ್ಟು, ಗಿಡಗಳನ್ನು ಬುಡಕ್ಕೇ ಕೊಯ್ಯತೊಡಗಿದ. ಅರಳಿದ ಹೂ, ಮೊಗ್ಗು, ಎಲ್ಲ ಒಟ್ಟಿಗೇ ಮಗ್ಗುಲಾದವು. ಹಸಿ ಕಾಂಡದ ಘಾಟು ಕಣ್ಣಿಗೆ ಹತ್ತಿತು.

"ಚಟ್ಟ ಓಗಕ್ಕೆ ಆರಡಿ ಸಾಕಲ್ವಾ?" ಅಂದಳು ಸುಧಾಮಣಿ.

"ಎಂಟು."

"ನಿಮ್ಗೆಂಗ್ ಗೊತ್ತು ಎಂಟು ಅಂತ?"

ಅವನು ಮುಂದಿನ ಗಿಡಕ್ಕೆ ಬಗ್ಗಿದ. ಅವಳು ಅವನ ಬೆನ್ನನ್ನು ನೋಡಿ ತಾನೂ ಬಗ್ಗಿದಳು.

ಎರಡೂವರೆಗೆ ಹೊಂಗೆಮರಗಳವರೆಗೂ ದಾರಿ ಬಿಚ್ಚಿಕೊಂಡಿತು. ಎರಡು ಕಡೆ ಸೊಂಟದೆತ್ತರ ಹೂವಿನ ಗೋಡೆ, ನಡುವೆ ಕರಿಮಣ್ಣು. ತೆರೆದ ಗೇಟು ಕೇರಿಯಿಂದಲೇ ಕಾಣುತ್ತದೆ, ಬಾಯಿ ಬಿಟ್ಟು ಹೇಳಬೇಕಾದ್ದೇನಿದೆ ಎಂದುಕೊಂಡು ಗುರುಸ್ವಾಮಿ ಬೆವರು ಒರೆಸಿಕೊಂಡ.

ಮೂರು ಗಂಟೆಗೆ ತಮಟೆ ಜೋರಾಯಿತು. ಕೇರಿಯ ಬಾಯಲ್ಲಿ ಬಲಕ್ಕೆ ಕೆರೆಯ ದಾರಿ, ಎಡಕ್ಕೆ ಅವನ ಗೇಟು. ಚಟ್ಟ ಬಂತು, ನಿಲ್ಲಲೂ ಇಲ್ಲ, ಬಲಕ್ಕೆ ತಿರುಗಿತು.

ಗುರುಸ್ವಾಮಿ ಕುಡುಗೋಲು ಕೈಯಲ್ಲಿದ್ದ ಹಾಗೇ ಓಡಿದ. "ಮಾದೇಶ! ಇಂಗ್ ಬನ್ರಪ್ಪ. ಗೇಟ್ ತಗ್ದಿವ್ನಿ. ದಾರಿ ಮಾಡಿವ್ನಿ."

ತಮಟೆ ನಿಂತಿತು. ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಮಾದೇಶ ಕತ್ತು ತಿರುಗಿಸಿ ಆ ಹೂವಿನ ನಡುವಿನ ಕರಿಪಟ್ಟೆಯನ್ನು ನೋಡಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು, ಮತ್ತೆ ಬಿಗಿಯಾಯಿತು.

"ಮಾಡಿದಿಯಾ? ಇವತ್ ಮಾಡಿದ್ದೋ, ಮೊದ್ಲೇ ಇತ್ತೋ? ಅದೊಂದ್ ಏಳ್ಬುಡು ಗುರುಸ್ವಾಮಿ. ಇತ್ತು ಅಂದ್ರೆ ಈಗ್ಲೇ ತಿರುಗ್ತೀವಿ. ಇವತ್ತೊಂದಿನದ ಧರ್ಮ ಆದ್ರೆ ನಮ್ ಮೇಷ್ಟ್ರುಗೆ ಬ್ಯಾಡ."

ಮಗಳು ಕುಮಾರಿ ಚಟ್ಟದ ಪಕ್ಕ ನಿಂತಿದ್ದಳು. "ಹೇಳಿಬಿಡಿ ಅಣ್ಣ," ಅಂದಳು ಮೆಲ್ಲಗೆ.

ಹಿಂದೆ ಪುಟ್ಟಮಲ್ಲಪ್ಪ, ಅವನ ಹಿಂದೆ ಮೇಗಲ ಬೀದಿಯ ಹತ್ತು ಜನ. ಅಂದು ಹೊಲದ ಈ ಕಡೆ ಅವನ ಜೊತೆ ನಿಂತಿದ್ದವರೇ ಎಲ್ಲ. ಚಟ್ಟದ ಮೇಲೆ ಮೇಷ್ಟ್ರ ತಲೆ ಅವನ ಕಡೆಗೇ ವಾಲಿತ್ತು.

"ನಮ್ಮಪ್ಪನ ಕಾಲ್ದಲ್ಲಿ..." ಅಂದ ಗುರುಸ್ವಾಮಿ. ಪುಟ್ಟಮಲ್ಲಪ್ಪ ಕೆಮ್ಮಿದ. ಹೆಗಲು ಕೊಟ್ಟಿದ್ದವರ ಕಾಲು ಕೆಸರಿನಲ್ಲಿ ಹೂತುಕೊಳ್ಳುತ್ತಿತ್ತು. ಅವನ ತುಟಿ ಅಲುಗಿತೇ ಹೊರತು ಮುಂದಿನ ಮಾತು ಬರಲಿಲ್ಲ.

"ನಡೀರ್ಲಾ," ಅಂದ ಮಾದೇಶ.

ತಮಟೆ ಮತ್ತೆ ಎದ್ದಿತು. ಹಿಂದೆ ಹೋಗಿ ಒಂದು ಹಿಡಿ ಮಣ್ಣು ಹಾಕಲು ಗುರುಸ್ವಾಮಿಗೆ ಕಾಲು ಬರಲಿಲ್ಲ. ಕೊನೆಯ ಹೆಂಗಸೂ ದಾಟಿಹೋದ ಮೇಲೆ ಅವನು ಹೊಲದ ಕಡೆಗೆ ತಿರುಗಿದ.

ರಸ್ತೆಯ ಬದಿಗೆ ಕೇರಳದ ನಂಬರಿನ ಕಾರೊಂದು ನಿಂತಿತ್ತು. ಓಣಂ ಹತ್ತಿರವಾದರೆ ದಿನಾ ಹೀಗೇ. ಹೂವಿನ ನಡುವೆ ಫೋಟೋ ಹಿಡಿಸಿಕೊಳ್ಳಲು ಸಾಲಿನೊಳಕ್ಕೆ ನುಗ್ಗಿ ಗಿಡ ಮುರಿಯುತ್ತಿದ್ದರು, ಅವನು ಬೈದು ಅಟ್ಟುತ್ತಿದ್ದ. ಇವತ್ತು ಗೇಟು ತೆರೆದಿತ್ತು. ಗಂಡಹೆಂಡಿರಿಬ್ಬರು ಆ ದಾರಿಯ ನಟ್ಟನಡುವೆ ನಿಂತಿದ್ದರು. ಅವನ ಕೈಯ ಕುಡುಗೋಲು ನೋಡಿ ಗಂಡ ಗಾಬರಿಯಾಗಿ, ಕಾಲ ಕೆಳಗಿನ ನೆಲ ತೋರಿಸಿ ಕೇಳಿದ. "ಚೇಟ್ಟಾ, ಇದು ವಳಿಯಾಣೋ?"

ವಳಿ ಎಂದರೆ ದಾರಿ ಎಂಬುದನ್ನು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಊ. ದಾರಿ," ಅಂದ ಗುರುಸ್ವಾಮಿ. "ಮೊದ್ಲಿಂದ್ಲೂ ಇತ್ತು. ಎಂಟಡಿ."

ಆ ಮನುಷ್ಯನಿಗೆ ಏನು ತಿಳಿಯಿತೋ, ನಕ್ಕು ತಲೆಯಾಡಿಸಿ ಫೋನು ಎತ್ತಿದ. ಹೆಂಡತಿ ಸೀರೆಯ ಸೆರಗು ಸರಿಮಾಡಿಕೊಂಡು ಎರಡು ಕಡೆಯ ಹೂವಿಗೂ ಕೈ ಚಾಚಿ ನಿಂತಳು. ಅವಳ ಹೆಗಲ ಹಿಂದೆ, ದೂರದ ಕೆರೆ ಏರಿಯ ಮೇಲೆ, ಚಟ್ಟ ಒಂದು ಕಡೆಗೆ ವಾಲಿ, ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ನೇರವಾಗಿ ಮುಂದಕ್ಕೆ ಹೋಯಿತು.