ಇಂಟು ಮಾರ್ಕಿನ ದಾರಿ

ಬೇಲಿಯ ಕಲ್ಲುಕಂಬದ ಮೇಲೆ ಕೆಂಪು ಬಿಳಿ ಬಣ್ಣದ ಇಂಟು ಮಾರ್ಕು ಎದ್ದು ಕಾಣುತ್ತಿತ್ತು. ಕೆಂಪು ಬಿಳಿ ಗೀಟುಗಳು ಒಂದರ ಕೆಳಗೊಂದು ಮಲಗಿದ್ದರೆ ದಾರಿ ಸರಿ, ಒಂದನ್ನೊಂದು ಕತ್ತರಿಸಿದ್ದರೆ ಈ ಕಡೆ ಬರಬೇಡಿ ಎಂದರ್ಥ. ಈ ದಾರಿ ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ. ಸೆವರೀನ್‌ಳ ಅತ್ತೆ ಅರ್ಲೆಟ್‌ಗೂ ಗೊತ್ತಿತ್ತು, ಆದರೆ ಒಪ್ಪಿಗೆಯಿರಲಿಲ್ಲ.

“ಇದು ಆ ದನದವನು ಬಳಿದಿರೋದು. ಅವನ ಹುಲ್ಲುಗಾವಲು ಯಾರೂ ತುಳೀಬಾರದು ಅಂತ ಕಿತಾಪತಿ. ನನ್ನ ಮ್ಯಾಪಲ್ಲಿ ದಾರಿ ಇಲ್ಲೇ ಹೋಗತ್ತೆ. ಬನ್ನಿ ಸೆವರೀನ್.”

“ನಿಮ್ಮ ಮ್ಯಾಪು ಮಾವನವರು ಕೊಂಡಿದ್ದು. ಅದರಲ್ಲಿ ಇರೋ ಅರ್ಧ ದಾರಿ ಈಗಿಲ್ಲ.”

“ಯಾಕೆ, ಗುಡ್ಡಗಳೇನು ಎದ್ದು ಓಡಾಡ್ತವಾ?”

ಸೆವರೀನ್ ಹಲ್ಲು ಕಚ್ಚಿದಳು. ರಾತ್ರಿ ತಂಗಬೇಕಾದ ಮನೆಯೊಡತಿ ಫೋನಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು: ಏಳಕ್ಕೆ ಊಟ, ತಡವಾಗಿ ಬಂದವರಿಗೆ ಬ್ರೆಡ್ಡೂ ಇಲ್ಲ. ಇವತ್ತಿನ ಊಟವೋ ಬಿಸಿ ಅಲಿಗೊ. ಆಲೂಗಡ್ಡೆ, ಬೆಣ್ಣೆ, ಹಸಿ ಚೀಸು ಹಾಕಿ ಮೊಳದುದ್ದ ಎಳೆ ಬರುವ ಹಾಗೆ ತಿರುವಿದ್ದು. ಬೆಳಿಗ್ಗೆಯಿಂದ ಅವಳನ್ನು ನಡೆಸಿದ್ದೇ ಅದರ ಆಸೆ. ಈ ಮಹಾತಾಯಿಯೋ ಕಂಡ ಕಂಡ ಹಸುವನ್ನೆಲ್ಲ ಮಾತಾಡಿಸಿ, ದಾರಿಬದಿಯ ಪ್ರತಿ ಶಿಲುಬೆಯ ಮುಂದೆಯೂ ಚೀಲ ಇಳಿಸಿ, ಇಲ್ಲದ ಕಲ್ಲನ್ನು ಬೂಟಿನಿಂದ ತೆಗೆಯುತ್ತ ಹೊತ್ತು ಕಳೆದಿದ್ದಳು. ಹಿಂದಿನ ವರ್ಷಗಳಲ್ಲಿ ಇದೇ ಅರ್ಲೆಟ್ ಕುದುರೆಯ ಹಾಗೆ ಮುಂದೆ ಹೋಗಿ ಸೊಸೆಗಾಗಿ ಕಾಯುತ್ತ ಗೊಣಗುತ್ತಿದ್ದವಳು. ಈ ವರ್ಷ ಏನು ಬಡಿದಿದೆಯೋ.

ಮಾವ ಸತ್ತ ಮೇಲೆ ಶುರುವಾದ ನಡಿಗೆ ಇದು. ಮೇ ತಿಂಗಳಲ್ಲಿ ಒಂದು ವಾರ, ಹೋದ ವರ್ಷ ನಿಲ್ಲಿಸಿದ ಊರಿನಿಂದ ಮುಂದಕ್ಕೆ. ಗಂಡ ಲುಡೊವಿಕ್‌ಗೆ ಯಾವಾಗಲೂ ಮಂಡಿ ನೋವು, ಹಾಗಾಗಿ ಅಮ್ಮನ ಜೊತೆ ಹೆಂಡತಿ. ಈಗ ಆ ಹೆಂಡತಿಯೂ ಅಲ್ಲ. ಚಳಿಗಾಲದಲ್ಲೇ ಇಬ್ಬರೂ ಬೇರೆಯಾಗುವುದೆಂದು ತೀರ್ಮಾನವಾಗಿತ್ತು. ಅಮ್ಮನಿಗೆ ಹೇಳುವ ಕೆಲಸ ಮಾತ್ರ ಬಾಕಿ. “ಹೇಗೂ ಒಂದು ವಾರ ಜೊತೇಲಿರ್ತೀಯ, ನೀನೇ ಹೇಳ್ಬಿಡು,” ಎಂದು ಅವನು ಕೈ ತೊಳೆದುಕೊಂಡಿದ್ದ. ದಿನವೂ ಫೋನಿಗೆ ಒಂದೇ ಸಂದೇಶ: “ಹೇಳಿದ್ಯಾ?” ಹೇಡಿ! ಸ್ವಂತ ಅಮ್ಮನ ಮುಂದೆ ಬಾಯಿ ಬಿಡಲಾಗದವನು. ನಾಳೆ ಬೆಳಿಗ್ಗೆ ಬಸ್ಸು ಹತ್ತಿದರೆ ನಡಿಗೆ ಮುಗಿಯಿತು. ಇವತ್ತು ಹೇಳಲೇಬೇಕು.

ಹೇಳುವುದಾದರೂ ಹೇಗೆ? ಮಾತು ಶುರುಮಾಡಲು ಕರೆಯುವುದಕ್ಕೇ ಒಂದು ಹೆಸರಿಲ್ಲ. ‘ಅಮ್ಮ’ ಎಂದರೆ ಅತಿಯಾಯಿತು, ‘ಮದಾಮ್’ ಎಂದರೆ ಅಂಗಡಿಯವಳನ್ನು ಕರೆದ ಹಾಗಾಯಿತು, ಬರೀ ಹೆಸರು ಹಿಡಿಯಲು ಧೈರ್ಯವಿಲ್ಲ. ಮದುವೆಯಾದಂದಿನಿಂದ ಅವಳು ಅತ್ತೆಯನ್ನು “ನೋಡಿ...”, “ಕೇಳಿಸ್ತಾ...” ಎಂದೇ ಕರೆದು ಸಂಸಾರ ತೂಗಿಸಿದ್ದಳು. ಅರ್ಲೆಟ್ ಕೂಡ ಸೊಸೆಗೆ ‘ನೀವು’ ಬಿಟ್ಟು ಬೇರೆ ಅಂದವಳಲ್ಲ. ಆ ಮನೆಯ ರೂಢಿಯೇ ಹಾಗೆ. ನಾಯಿಗೆ ‘ನೀನು’, ಅಂಚೆಯವನಿಗೆ ‘ನೀನು’, ಸೊಸೆಗೆ ‘ನೀವು’.

“ನೋಡಿ...” ಎಂದಳು ಸೆವರೀನ್.

ಅತ್ತೆ ಆಗಲೇ ಗೇಟು ತಳ್ಳಿ ಇಂಟು ಮಾರ್ಕನ್ನು ದಾಟಿಹೋಗಿದ್ದಳು.

ಮೊದಮೊದಲು ದಾರಿಯೇನೋ ಇತ್ತು. ಆಮೇಲೆ ದನದ ಹೆಜ್ಜೆ ಉಳಿಯಿತು, ಆಮೇಲೆ ಅದೂ ಇಲ್ಲ. ಹಸಿರು ಮೆತ್ತನೆ ಹುಲ್ಲು, ನಡುನಡುವೆ ಬಿಳಿ ಹತ್ತಿಯಂಥ ಹೂವು. ಇದು ಜೌಗು ಎಂದು ಸೆವರೀನ್‌ಗೆ ಹೊಳೆಯುವಷ್ಟರಲ್ಲಿ ಅವಳ ಬಲಗಾಲು ಮಂಡಿಯವರೆಗೆ ಇಳಿದಿತ್ತು. ಎಳೆದುಕೊಳ್ಳಲು ಹೋಗಿ ಎಡಗಾಲೂ ಹೋಯಿತು. ತಣ್ಣನೆ ಕಪ್ಪು ನೀರು ತೊಡೆಗೇರಿತು.

“ಅಲ್ಲಾಡಬೇಡ ಕಣೇ!” ಅರ್ಲೆಟ್ ಕಿರುಚಿದಳು. “ಹಿಂದಕ್ಕೆ ಒರಗು! ಚೀಲ ಬಿಸಾಕು! ಈ ಕೋಲು ಹಿಡ್ಕೋ, ಬಿಡಬೇಡ, ಬಿಟ್ಟರೆ ನೋಡು ಮತ್ತೆ!”

ಎಪ್ಪತ್ತು ದಾಟಿದ ಹೆಂಗಸು ಹೊಟ್ಟೆಯ ಮೇಲೆ ಮಲಗಿ, ಏದುಸಿರು ಬಿಡುತ್ತ ಎಳೆದಳು. ಬಲಗಾಲಿನ ಬೂಟು ಜೌಗಿಗೇ ಹೋಯಿತು. ಇಬ್ಬರೂ ಗಟ್ಟಿ ನೆಲದ ಮೇಲೆ ಕೆಸರು ಮುದ್ದೆಗಳಾಗಿ ಕೂತರು.

“ಕಣ್ಣಿಲ್ವೇನೆ ನಿಂಗೆ? ನಾನು ಹೆಜ್ಜೆ ಇಟ್ಟಲ್ಲೇ ಇಡೋಕೆ ಏನು ರೋಗ?”

ಸೆವರೀನ್‌ಗೆ ರೇಗಿಹೋಯಿತು. “ನಿಮ್ಮ ಹೆಜ್ಜೆ ಹಿಡಿದೇ ಇಲ್ಲಿಗೆ ಬಂದಿದ್ದು! ಅಷ್ಟು ದೊಡ್ಡ ಇಂಟು ಮಾರ್ಕು ಹಾಕಿದ್ರೂ... ಊಟ ಹೋಯ್ತು, ಬೂಟು ಹೋಯ್ತು, ನನಗೆ ಸಾಕಾಗಿದೆ! ನಿಮ್ಮ ಮಗ ಸಾಕು, ನೀವೂ ಸಾಕು!” ಎಂದವಳು ತಟ್ಟನೆ ನಿಂತಳು. “ನೀವು ನನಗೆ ‘ನೀನು’ ಅಂದ್ರಿ.”

“ಅಂದೆ.”

“ಭಯದಲ್ಲಿ ಬಾಯಿ ತಪ್ಪಿ...”

“ಬಾಯಿ ತಪ್ಪೋಕೆ ನಂಗೇನಾಗಿದೆ? ಸೊಸೆಗೆ ‘ನೀವು’ ಅನ್ನೋದು ನಮ್ಮನೆ ಪದ್ಧತಿ. ಸೊಸೆ ಅಲ್ಲದವಳಿಗೆ ಯಾಕೆ ಅನ್ಲಿ?”

ದೂರದಲ್ಲೊಂದು ಹಸು ಕತ್ತಿನ ಗಂಟೆ ಅಲ್ಲಾಡಿಸಿತು. “ಯಾರು ಹೇಳಿದ್ರು?” ಎಂದಳು ಸೆವರೀನ್.

“ಯಾರೂ ಹೇಳ್ಲಿಲ್ಲ, ಅದೇ ನನ್ನ ಸಿಟ್ಟು. ಈಸ್ಟರ್ ಊಟಕ್ಕೆ ಬಂದಾಗ ಅವನು ನಿಂಗೆ ಉಪ್ಪು ದಾಟಿಸಿದ, ನೀನು ಥ್ಯಾಂಕ್ಸ್ ಅಂದೆ. ನೀನು ನೀರು ಕೊಟ್ಟೆ, ಅವನು ಥ್ಯಾಂಕ್ಸ್ ಅಂದ. ಗಂಡ ಹೆಂಡ್ತಿ ಹಾಗೆ ಆಡ್ತಾರೇನೆ? ಅವತ್ತೇ ಗೊತ್ತಾಯ್ತು.” ಅರ್ಲೆಟ್ ಕೆಸರಾದ ಮ್ಯಾಪನ್ನು ಅಂಗಿಗೆ ಒರೆಸಿದಳು, ಅದು ಇನ್ನಷ್ಟು ಕೆಸರಾಯಿತು. “ಈ ವಾರ ದಿನಾ ‘ನೋಡಿ’ ಅಂತೀಯ, ನಾನು ನೋಡ್ತೀನಿ, ನೀನು ಸುಮ್ಮನಾಗ್ತೀಯ.”

“ಮತ್ತೆ ನೀವೇ ಕೇಳಬಹುದಿತ್ತಲ್ಲ!”

“ಕೇಳಿ? ನೀನು ಹೌದು ಅಂತಿದ್ದೆ. ಆಮೇಲೆ ಆ ಊರು ಸೇರ್ತಿದ್ವಿ, ಬಸ್ಸು ಹತ್ತುತ್ತಿದ್ವಿ, ಮುಗೀತು. ಗಂಡನ್ನ ಬಿಟ್ಟವಳು ಅತ್ತೆ ಜೊತೆ ನಡೆಯೋಕೆ ಬರ್ತಾಳಾ? ಅದಕ್ಕೇ ನಿಧಾನ ಮಾಡಿದೆ. ನಿಜವಾಗ್ಲೂ ಮ್ಯಾಪಲ್ಲಿ ದಾರಿ ಇದೆ, ಅದು ಬೇರೆ ಮಾತು.”

ಸೆವರೀನ್‌ಗೆ ನಗು ಬಂತು, ಜೊತೆಗೆ ಅಳುವೂ. ಹಸುಗಳು, ಶಿಲುಬೆಗಳು, ಬೂಟಿನೊಳಗಿನ ಇಲ್ಲದ ಕಲ್ಲು. ಇಷ್ಟು ದಿನ ಅವಳು ಬೈದುಕೊಂಡ ಆ ನಿಧಾನವೆಲ್ಲ ಇದಕ್ಕಾಗಿ. ಈ ಹಟಮಾರಿಯನ್ನು ಬಿಟ್ಟಿರುವುದು ಲುಡೊವಿಕ್‌ನನ್ನು ಬಿಟ್ಟಿರುವುದಕ್ಕಿಂತ ಕಷ್ಟವೆಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಕಲ್ಲುಕಂಬದವರೆಗೆ ವಾಪಸು ಬಂದರು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಅರ್ಲೆಟ್‌ಳ ರಾತ್ರಿಯ ಚಪ್ಪಲಿ. ಏಳು ಹೊಡೆದಾಗಿತ್ತು. ಊರಿನ ಚರ್ಚಿನ ಗೋಪುರ ಕಾಣುವ ತಿರುವಿನಲ್ಲಿ ದಾರಿ ಮತ್ತೆ ಕವಲೊಡೆಯಿತು. ಎಡಕ್ಕೆ ಗೀಟು, ಬಲಕ್ಕೆ ಇಂಟು ಮಾರ್ಕು. ಅರ್ಲೆಟ್ ಮ್ಯಾಪು ಬಿಚ್ಚಿ ಕಣ್ಣು ಕಿರಿದು ಮಾಡಿ, ಬಲಕ್ಕೆ ಹೊರಟೇಬಿಟ್ಟಳು.

“ಅರ್ಲೆಟ್!” ಸೆವರೀನ್‌ಳ ಗಂಟಲು ಹರಿಯುವಂತೆ ಕೂಗು ಬಂತು. “ನಿಲ್ಲೇ! ಬುದ್ಧಿ ಇದೆಯಾ ನಿಂಗೆ? ಬಾ ಈ ಕಡೆ!”

ಕೂಗಿದ ಮೇಲೆ ಅವಳೇ ಬೆಚ್ಚಿದಳು.

ಅರ್ಲೆಟ್ ನಿಂತಳು. ತಿರುಗಿದಳು. ಹಿಂದಕ್ಕೆ ಬಂದು, ಕೆಸರಿನ ಮ್ಯಾಪನ್ನು ಮಡಿಸಿ ಸೆವರೀನ್‌ಳ ಕೈಗೆ ತುರುಕಿದಳು.

“ತಗೋ. ಮುಂದಿನ ವರ್ಷ ನೀನೇ ಹಿಡ್ಕೋ,” ಎಂದು ಎಡಕ್ಕೆ ನಡೆದಳು.