ತಂಗೆವ್ವನ ಹೆಬ್ಬೆರಳು

ಹೊಟ್ಟೆ ಗುರ್ರೆಂದದ್ದು ಮೈಕಿಗೆ ಕೇಳಿಸಿತೋ ಏನೋ, ಗಾಜಿನಾಚೆ ಕೂತ ವೇಣು ತಲೆಯೆತ್ತಲಿಲ್ಲ, ಕೇಳಿಸಿದ್ದರೆ ಎತ್ತುತ್ತಿದ್ದ, ರೆಕಾರ್ಡಿಂಗ್ ಮಾಡುವವನ ಕಿವಿ ಅದು, ಬಳೆ ಕೇಳುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟದ್ದು ಕೇಳುತ್ತದೆ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲರಿಗಿಂತ ಮೊದಲು ಅವನಿಗೇ ಕೇಳುತ್ತದೆ, ಒಂದ್ನಿಮಿಷ ಮೇಡಂ, ಅವರ ಬೇಳೆ ಬೇಯ್ಲಿ, ಅನ್ನುತ್ತಾನೆ. ಶುಭಾ ಹೊಟ್ಟೆಯ ಮೇಲೆ ಅಂಗೈಯಿಟ್ಟು ಒತ್ತಿದಳು. ಫ್ಯಾನಿಲ್ಲ, ಎ.ಸಿ. ಆರಿಸಿದೆ, ಜೆ.ಪಿ. ನಗರದ ಈ ನೆಲಮಾಳಿಗೆಯಲ್ಲಿ ಗೋಡೆಗೆಲ್ಲ ಸ್ಪಂಜು ಮೆತ್ತಿದ ಗೂಡಿನಂಥ ಕೋಣೆ, ಇಲ್ಲಿ ಕೂತು ಅವಳು ಕಾದಂಬರಿಗಳನ್ನು ಓದುತ್ತಾಳೆ, ಜನ ಅದನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ವಾಕಿಂಗಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರೆ, ಜಯನಗರದ ಕಾಂಪ್ಲೆಕ್ಸಿನಲ್ಲಿ ಒಮ್ಮೆ ಅವರೆಕಾಯಿ ಆರಿಸುತ್ತ ಬೆಲೆ ಕೇಳಿದ್ದಕ್ಕೆ ಪಕ್ಕದಲ್ಲಿದ್ದ ಹೆಂಗಸು ಸರಕ್ಕನೆ ತಿರುಗಿ, ಅಯ್ಯೋ ನೀವು ತಂಗೆವ್ವ ಅಲ್ವಾ, ಎಂದಿದ್ದಳು, ಶುಭಾ ಎಂದಲ್ಲ, ಅವಳು ಓದಿದ ಕಾದಂಬರಿಯ ತಂಗೆವ್ವ ಎಂದು, ಅವತ್ತು ಮನೆಗೆ ಬರುವವರೆಗೂ ನಡಿಗೆಯೇ ಬೇರೆಯಾಗಿತ್ತು. ಬೆಳಿಗ್ಗೆ ತಿಂದದ್ದು ಒಂದು ಇಡ್ಲಿ, ಅದೂ ಪೂರ್ತಿಯಲ್ಲ, ತಿನ್ನುವಾಗಲೇ ಫೋನಿಗೆ ಇವತ್ತಿನ ಪುಟಗಳು ಬಂದವು, ಪ್ರಕಾಶಕರು ತಂಗೆವ್ವನ ಕಥೆಯ ಎರಡನೆಯ ಭಾಗವನ್ನು ಕಂತುಕಂತಾಗಿ ಕಳಿಸುತ್ತಾರೆ, ದನಿ ಕೊಟ್ಟದ್ದು ಪ್ರತಿ ಶುಕ್ರವಾರ ಹೊರಬರುತ್ತದೆ, ಓದಿದಳು, ತಟ್ಟೆಯನ್ನು ಸಿಂಕಿನಲ್ಲಿಟ್ಟು ಚಪ್ಪಲಿ ಹುಡುಕಿದಳು, ಹಾಲಿನ ದಿವಾನದ ಮೇಲಿಂದ ಅಮ್ಮ ಕೇಳಿದಳು, ಏನೇ, ಇವತ್ತು ತಂಗೆವ್ವ ಏನ್ ಮಾಡ್ತಾಳೆ, ಒಂಚೂರು ಸುಳಿವು ಕೊಡೇ. ಹೇಳೋ ಹಾಗಿಲ್ಲಮ್ಮ. ಮಗಳ ಹತ್ರಾನೂ ಕಾಯ್ಬೇಕಲ್ಲೇ ನಾನು ಶುಕ್ರವಾರದ ತನಕ, ಆಯ್ತು ಬಿಡು, ನನಗೆ ಗೊತ್ತು ಅವಳು ಏನ್ ಮಾಡ್ತಾಳೆ ಅಂತ. ಗೊತ್ತು, ಅಮ್ಮನಿಗೆ ಗೊತ್ತು, ಎಲ್ಲರಿಗೂ ಗೊತ್ತಿತ್ತು, ಬರೆದವರಿಗೊಬ್ಬರಿಗೇ ಗೊತ್ತಿರಲಿಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳಿಂದ ದೂರ ಹಿಡಿದು ತಂಗೆವ್ವ ಕಚೇರಿಯ ಮೆಟ್ಟಿಲಿಳಿದಳು — ಪುಟದ ತಳದಲ್ಲಿ ಆ ಸಾಲು, ಮಸಿ ಸೀರೆಗೆ ತಾಗದ ಹಾಗೆ.

ಮೊದಲ ಪುಸ್ತಕದಲ್ಲಿ ಅವಳು ಹೀಗಿರಲಿಲ್ಲ. ವಿಜಾಪುರದ ಕಡೆಯ ಹೆಣ್ಣುಮಗಳು, ಗಂಡ ಸತ್ತವಳು, ಅಣ್ಣಂದಿರು ಸೀರೆ ಕುಬಸ ಹಿಡಿದು ಬಂದು ಹಕ್ಕು ಬಿಟ್ಟುಕೊಡು ತಂಗಿ ಎಂದಾಗ, ನಾ ಒಲ್ಲೆ, ನನ್ ಪಾಲು ನನಗ ಬೇಕು, ಎಂದವಳು. ಅದಿಷ್ಟೇ, ಭಾಷಣವಿಲ್ಲ, ಅಳು ಇಲ್ಲ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಅಂದದ್ದು, ಆ ಒಲ್ಲೆ ಬಾಯಿಗೆ ಕೂರಲೆಂದು ಶುಭಾ ಒಂದು ವಾರ ಬಚ್ಚಲಲ್ಲಿ ಹೇಳಿಕೊಂಡಿದ್ದಳು, ಹೊರಗಿನಿಂದ ಮಗಳು ಪ್ರಕೃತಿ, ಅಮ್ಮಾ ಯಾರನ್ನ ಒಲ್ಲೆ ಅಂತಿದೀಯಾ, ನೀರು ಖಾಲಿಯಾಗ್ತಿದೆ ಬಾ ಆಚೆ. ಅಮ್ಮನ ಕಣ್ಣು ಮಂಜಾದ ಮೇಲೆ ಅವಳ ಮಧ್ಯಾಹ್ನಗಳೆಲ್ಲ ತಂಗೆವ್ವನವೇ, ಎಷ್ಟು ಸಲ ಕೇಳಿದ್ದಾಳೋ, ಕೇಳಿ ಕೇಳಿ ಕೊನೆಗೊಂದು ದಿನ, ಬಸವನಗುಡಿಯಲ್ಲಿ ಹುಟ್ಟಿ ಜಯನಗರದಲ್ಲಿ ಬೆಳೆದು ಬಿ.ಎಸ್ಸಿ. ಮಾಡಿದ ಪಂಕಜಾ, ಜನ್ಮದಲ್ಲಿ ಯಾರಿಗೂ ಇಲ್ಲ ಎನ್ನದವಳು, ತಮ್ಮನಿಗೆ ಒಲ್ಲೆ ಎಂದಳು. ಏನಕ್ಕಾ ಅಂದೆ, ಎಂದ ವೆಂಕಟಾಚಲ ಮಾಮ. ಒಲ್ಲೆ ಕಣೋ. ಇದ್ಯಾವ ಭಾಷೆ. ತಂಗೆವ್ವನ ಭಾಷೆ. ತಾತ ಕಟ್ಟಿದ ಜಯನಗರದ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಬೇಕು, ಬಿಲ್ಡರ್ ಅವಸರ ಮಾಡುತ್ತಿದ್ದಾನೆ, ದೊಡ್ಡಮ್ಮಂದಿರಿಬ್ಬರೂ ಅರಿಶಿನ ಕುಂಕುಮ ಒಂದೊಂದು ಸೀರೆ ತೆಗೆದುಕೊಂಡು ಹಕ್ಕು ಬಿಟ್ಟು ರುಜು ಹಾಕಿಯಾಯಿತು, ಉಳಿದವಳು ಅಮ್ಮ. ಅಮ್ಮ ಕೇಳಿದ್ದು ಏನು, ಏನು ಮಹಾ ಕೇಳಿದಳು, ಆ ಕಟ್ಟಡದಲ್ಲಿ ಕೆಳಗಡೆ ಒಂದು ಪುಟ್ಟ ಮನೆ, ಒಂದು ಬಾಗಿಲು. ಬಿಟಿಎಂನ ಈ ಬಾಡಿಗೆ ಮನೆಯಲ್ಲಿ ಎರಡೇ ಕೋಣೆ, ಒಂದು ಇವಳದೂ ಗಂಡ ಮಾಧವನದೂ, ಒಂದು ಪಿಯುಸಿ ಓದುವ ಪ್ರಕೃತಿಯದು, ಅಮ್ಮನಿಗೆ ಹಾಲಿನ ದಿವಾನ, ಯಾರಾದರೂ ಬೆಲ್ ಮಾಡಿದರೆ ಮೊದಲು ಏಳುವವಳು ಅವಳು, ಹೊದಿಕೆ ಮಡಿಸಿ, ದಿಂಬು ಬೆನ್ನ ಹಿಂದೆ ಅಡಗಿಸಿ, ಸೆರಗು ಸರಿಮಾಡಿಕೊಂಡು, ಕೂತ್ಕೊಳ್ಳಿ ಕೂತ್ಕೊಳ್ಳಿ. ಚಿಲಕ ಹಾಕ್ಕೊಂಡು ಮಲಗ್ಬೇಕು ಕಣೇ ಒಂದು ಸಲ, ಎಂದಿದ್ದಳು ಯಾವತ್ತೋ, ನಗುತ್ತ, ಶುಭಾಳ ಕಡೆ ನೋಡದೆ, ಮಗಳ ಮನಸ್ಸಿಗೆ ಚುಚ್ಚೀತೆಂದು ನೋಡದೆ.

ಆ ಭಾನುವಾರ ಮಾಮ ಕೋಡುಬಳೆ ತಂದಿದ್ದ, ಅವನು ಕೆಟ್ಟವನಲ್ಲ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಇವಳೂ ಒಂದು ಮಾತು ಆಡಬಹುದಿತ್ತು, ಅಕ್ಕನನ್ನು ನಗಿಸುವುದೆಂದರೆ ಅವನಿಗೆ ಇಷ್ಟ, ಚಿಕ್ಕಂದಿನಿಂದಲೂ. ನೋಡಕ್ಕಾ, ನಿನ್ನ ಹೀರೋಯಿನ್ನು ಎರಡನೇ ಭಾಗದಲ್ಲೂ ಒಲ್ಲೆ ಅಂದ್ರೆ ನಿನಗೆ ಕೆಳಗಡೇನೇ ಮನೆ, ರೋಡ್ ಕಡೆ ಕಿಟಕಿ, ಬೀಗದ ಕೈ ನಾನೇ ತಂದುಕೊಡ್ತೀನಿ. ಮತ್ತೆ ಹೂಂ ಅಂದ್ರೆ? ಅಮ್ಮ ಕೋಡುಬಳೆ ಮುರಿಯುತ್ತ, ಅವಳಾ, ಹೂಂ ಅನ್ನೋದಾ, ಅವಳು ಹೂಂ ಅಂದ್ರೆ ನಾನೂ ಹೂಂ ಕಣೋ, ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ, ಬಾ ಕೈ ಹಾಕು. ಹಾಕಿದ, ಚಟ್ಟನೆ ಸದ್ದಾಯಿತು, ಪ್ರಕೃತಿ ರೂಮಿನಿಂದ ಇಣುಕಿ, ಅಜ್ಜಿ ಬೆಟ್ಟಿಂಗಾ, ಸೂಪರ್, ಎಂದಳು. ಶುಭಾ ಎಲ್ಲರಿಗಿಂತ ಜೋರಾಗಿ ನಕ್ಕಳು, ಆಗ ಈ ಪುಟಗಳು ಬಂದಿರಲಿಲ್ಲ, ತಂಗೆವ್ವ ಇನ್ನೂ ಮೊಮ್ಮಗಳ ಮದುವೆಯ ಓಡಾಟದಲ್ಲಿದ್ದಳು, ಪಾಲಿನ ಸುದ್ದಿಯೇ ಇರಲಿಲ್ಲ, ನಗದೆ ಏನು ಮಾಡಬೇಕಿತ್ತು, ಗೆದ್ದೇಬಿಟ್ಟೆವು ಅನ್ನಿಸಿತ್ತು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಮಾಮ ತಗ್ಗಿದ ದನಿಯಲ್ಲಿ ಅವಳಿಗೆ ಮಾತ್ರ, ಶುಭಾ, ಎಲ್ಲಾ ಕಥೇಲೂ ಕೊನೇಗೆ ಒಪ್ಕೊಂಡೇ ಒಪ್ಕೋತಾರೆ ಕಣಮ್ಮ, ನಾನೂ ಓದಿದೀನಿ ನಾಲ್ಕು ಕಾದಂಬರಿ, ಎಂದ, ತಮಾಷೆಯೋ, ಏನೋ, ಅವನ ಬೆನ್ನು ಲಿಫ್ಟಿನೊಳಗೆ ಹೋಗುವವರೆಗೂ ನೋಡುತ್ತ ನಿಂತಿದ್ದಳು.

ಮೇಡಂ, ರೆಡೀನಾ, ಎಂದ ವೇಣು ಕಿವಿಯೊಳಗೆ. ಒಂದು ಗುಟುಕು ನೀರು, ಎಂದಳು. ಬಿಸಿನೀರು ತಣ್ಣಗಾಗಿದೆ. ಹಕ್ಕು ಬಿಟ್ಟ ಕಾಗದಕ್ಕೆ ಹೆಬ್ಬೆರಳು ಯಾಕೆ, ಅದು ಬೆಳಗಿನಿಂದ ಕೊರೆಯುತ್ತಿದೆ, ತಂಗೆವ್ವನಿಗೆ ಹೆಸರು ಬರೆಯಲು ಬರುತ್ತದೆ, ಮೊದಲ ಪುಸ್ತಕದಲ್ಲಿ ಒಂದಿಡೀ ಅಧ್ಯಾಯ ಅದಕ್ಕೇ ಮೀಸಲು, ಇನ್ನು ನನ್ ಹೆಬ್ಬಟ್ಟು ಯಾರಿಗೂ ಕೊಡೂದಿಲ್ಲ ಎಂದು ಪಕ್ಕದ ಮನೆಯ ಹುಡುಗಿಯಿಂದ ನಾಲ್ಕಕ್ಷರ ಕಲಿತಳು, ಇಜ್ಜಿಲಿನಲ್ಲಿ ಅಡುಗೆಮನೆಯ ಗೋಡೆಗೆ ಬರೆದಳು, ವ-ಗೆ ವ-ಒತ್ತು ಹಾಕಲು ಬಾರದೆ ಗೋಡೆಯನ್ನೇ ಬೈದಳು, ಬರೆದವರು ತಮ್ಮದೇ ಪುಸ್ತಕವನ್ನು ಮರೆತರೆ, ಇರಬಹುದು, ವಯಸ್ಸಾಗಿದೆ, ಮರೆತಿದ್ದರೆ ನೆನಪಿಸಬಹುದು, ನೆನಪಿಸಿದರೆ ರುಜು ಎಂದು ತಿದ್ದಬಹುದು, ರುಜುವಿಗೆ ಪೆನ್ನು ಕೈಗೆತ್ತಿಕೊಂಡರೆ ಹಳೆಯ ತಂಗೆವ್ವ ಎಚ್ಚರವಾಗಬಹುದು, ಹೀಗೆಲ್ಲ ಲೆಕ್ಕ ಹಾಕಿ ಆಟೋದಲ್ಲಿ ಬರುವಾಗ ಧೈರ್ಯಮಾಡಿ ಲೇಖಕರಿಗೇ ಫೋನ್ ಮಾಡಿದಳು, ಗುರುಸಿದ್ದಪ್ಪನವರಿಗೆ, ಸಾರ್, ಒಂದು ಸಣ್ಣ ಅನುಮಾನ, ಅವಳಿಗೆ ಹೆಸರು ಬರೆಯೋಕೆ ಬರುತ್ತಲ್ಲ ಸಾರ್. ಆ ಕಡೆ ಅವರು ಪ್ರೀತಿಯಿಂದ ನಕ್ಕರು, ಎಷ್ಟ ಚಂದ ಓದಿಯವಾ ನೀ, ಖರೇನ ನನಗ ಖುಷಿ ಆತು, ಮರತಿಲ್ಲ ತಂಗಿ, ಬೇಕಂತನ ಬರದೀನಿ, ಮುದುಕಿ ಆಗ್ಯಾಳ, ಕೈ ನಡಗ್ತಾವು, ಹೆಬ್ಬಟ್ಟು ಒತ್ತಲಿ ಬಿಡು. ಸಾರ್, ಆದ್ರೆ ಅವಳು ಒಲ್ಲೆ ಅಂದವಳು. ವಯಸ್ಸಾದ ಮ್ಯಾಲ ಎಲ್ಲಾರೂ ಮೆತ್ತಗಾಗ್ತಾರ, ನಾನೂ ಆಗೀನಿ, ಮುಂದ ನೀನೂ ಆಗ್ತಿ. ಇವಳು ಸರಿ ಸಾರ್ ಎಂದಳು, ಸರಿ ಸಾರ್ ಎಂದು ಎರಡು ಸಲ ಎಂದಳು, ಥ್ಯಾಂಕ್ಯೂ ಕೂಡ, ಜನ್ಮವಿಡೀ ಮೆತ್ತಗೇ ಇದ್ದು ಈಗೀಗ ಗಟ್ಟಿಯಾದ ಒಬ್ಬ ಮುದುಕಿ ನಮ್ಮ ಮನೆ ಹಾಲಿನಲ್ಲಿದ್ದಾಳೆ ಸಾರ್, ಎನ್ನಲಿಲ್ಲ, ಅದು ಹೊಳೆದದ್ದು ಆಟೋ ಇಳಿದ ಮೇಲೆ.

ಓದುವುದಿಲ್ಲ ಎಂದು ಎದ್ದು ಹೋಗಬಹುದು. ಹೋದರೆ ನಾಳೆ ಈ ಕುರ್ಚಿಯಲ್ಲಿ ಮೈತ್ರಿ ಕೂರುತ್ತಾಳೆ, ಚುರುಕು ಹುಡುಗಿ, ಚೆನ್ನಾಗಿ ಓದುತ್ತಾಳೆ, ಶುಕ್ರವಾರ ಬೇರೆ ಗಂಟಲಿನಿಂದ ಅದೇ ಮಾತು ಬರುತ್ತದೆ, ಅದೇ ಹೆಬ್ಬೆರಳು. ಅಮ್ಮನ ಫೋನಿನಿಂದ ಕಥೆ ಕೇಳುವ ಆ್ಯಪನ್ನೇ ತೆಗೆದುಹಾಕಿ, ಏನೋ ತೊಂದರೆಯಮ್ಮ, ಬರ್ತಿಲ್ಲ, ಎನ್ನಬಹುದು, ಪ್ರಕೃತಿ ಎರಡು ನಿಮಿಷದಲ್ಲಿ ಸರಿಮಾಡಿ ಕೊಡುತ್ತಾಳೆ. ಅಮ್ಮನಿಗೆ ಮೊದಲೇ ಹೇಳಿಬಿಡಬಹುದು, ಪಂದ್ಯ ತಮಾಷೆಗಲ್ವೇನಮ್ಮ, ಮರೆತುಬಿಡು, ಅಮ್ಮ ಏನನ್ನುತ್ತಾಳೆ ಗೊತ್ತು, ಕೈ ಹಾಕಿದೀನಲ್ಲೇ, ಅಷ್ಟೇ ಅನ್ನುತ್ತಾಳೆ, ಅಂದು ಸುಮ್ಮನಾಗುತ್ತಾಳೆ, ಆ ಸುಮ್ಮನಿರುವುದನ್ನು ಶುಭಾ ಹುಟ್ಟಿದಾಗಿನಿಂದ ನೋಡಿದ್ದಾಳೆ. ಪಂದ್ಯ ಬಿಟ್ಟರೂ, ತಂಗೆವ್ವನೇ ಹೋದ ಮೇಲೆ ಅಮ್ಮ ಯಾರ ಪಕ್ಕದಲ್ಲಿ ನಿಂತು ಒಲ್ಲೆ ಅನ್ನಬೇಕು, ಒಂಟಿಯಾಗಿ ಅನ್ನುವ ಮಾತಲ್ಲ ಅದು, ಮಗಳ ಪಕ್ಕದಲ್ಲಿ ಎಂದರೆ, ಮಗಳು ಸರಿ ಸಾರ್ ಎನ್ನುವವಳು. ನೆನ್ನೆ ರಾತ್ರಿ ಮಾಧವ, ಯಾರೋ ಬರೆದ ಕಥೆ ಕಣೇ, ಯಾಕಿಷ್ಟು ತಲೆ ಕೆಡಿಸ್ಕೋತೀಯ, ಇನ್ನೂ ಏನೂ ಗೊತ್ತಿಲ್ಲದಾಗಲೇ ಎಂದಿದ್ದ, ಅವಳು ನಿದ್ದೆಯಲ್ಲಿ ತಂಗೆವ್ವನ ಮಾತು ಆಡುತ್ತಿದ್ದಳಂತೆ. ಒಂದೇ ದಾರಿ, ಕೆಟ್ಟದಾಗಿ ಓದುವುದು. ಕೇಳಿದವರಿಗೆ ನಂಬಿಕೆ ಬರಬಾರದು, ಇದು ತಂಗೆವ್ವನ ಮಾತಲ್ಲ, ಯಾರೋ ಬಾಯಿಗೆ ತುರುಕಿದ್ದು ಎಂದು ಅಮ್ಮನಂಥ ಕಿವಿಗೆ ಗೊತ್ತಾಗಬೇಕು, ಆಗ ಅಮ್ಮ, ಇವಳು ಅವಳಲ್ಲ ಕಣೋ ವೆಂಕಟಾಚಲ, ಈ ಪಂದ್ಯ ನಾ ಒಪ್ಪಲ್ಲ, ಎಂದಾಳು, ಎನ್ನಬಹುದು, ಎನ್ನಲಿ. ರೆಡಿ ವೇಣು.

ತವರಮನಿ ಬಾಗಲಾ ತೆರದಿದ್ರ ಸಾಕು, ಪಾಲು ತಗೊಂಡ ಏನ್ ಮಾಡ್ಲಿ ನಾ, ಎಂದು ತಂಗೆವ್ವ ನಗುತ್ತ ಅಂದಳು. ಏರಿಲ್ಲ, ಇಳಿವಿಲ್ಲ, ಒಂದೇ ಸಮ. ವೇಣು ತಲೆ ಕೆರೆದುಕೊಂಡ. ಮೇಡಂ, ಬೇಜಾರ್ ಮಾಡ್ಕೋಬೇಡಿ, ಮೆಜೆಸ್ಟಿಕ್ಕಲ್ಲಿ ಬಸ್ ನಂಬರ್ ಹೇಳ್ದಂಗಾಯ್ತು. ಸಾರಿ ವೇಣು, ಇನ್ನೊಮ್ಮೆ. ಈ ಸಲ ಹಲ್ಲು ಕಚ್ಚಿದಳು, ಪಾಲು ಎಂಬಲ್ಲಿ ಕಹಿ ಸುರಿದಳು, ಅಣ್ಣಂದಿರ ಮುಖಕ್ಕೆ ಎಸೆದ ಹಾಗೆ. ಮೇಡಂ, ಸಖತ್ತಾಗಿದೆ, ಆದ್ರೆ ಜಗಳ ಆಡ್ದಂಗಿದೆ, ನಗುತ್ತ ಅಂದಳು ಅಂತ ಇದೆಯಲ್ವಾ, ಪ್ರಕಾಶಕರು ಒಪ್ಪಲ್ಲ, ವಾಪಸ್ ಕಳಿಸ್ತಾರೆ. ಹೌದು, ನಗುತ್ತ, ನಗುತ್ತ ಅಂದಳು, ಪುಟವನ್ನು ದಿಟ್ಟಿಸಿದಳು, ನಗುತ್ತ ಹೇಗೆ ಅನ್ನುವುದು ಇದನ್ನು, ಯಾರು ನಗುತ್ತ ಅನ್ನುತ್ತಾರೆ ಇಂಥದ್ದನ್ನು, ಹೆಬ್ಬೆರಳು ಮತ್ತೆ ಕಣ್ಣಿಗೆ ಬಂತು, ದೂರ ಹಿಡಿದ ಹೆಬ್ಬೆರಳು, ಅದನ್ನು ಆಚೆ ತಳ್ಳಲು ಕಣ್ಣು ಮುಚ್ಚಿದಳು, ದಣಿವಾಗಿತ್ತು, ಹಸಿವೂ ಇತ್ತು, ಬೇಗ ಮುಗಿದರೆ ಸಾಕಿತ್ತು, ಬಾಯಿ ತೆರೆದಳು, ಏನೂ ಮಾಡಬೇಕೆಂದುಕೊಳ್ಳದೆ ತೆರೆದಳು, ಮಾತು ತಾನಾಗಿ ಬಂತು, ಹಗುರವಾಗಿ, ತುದಿಯಲ್ಲಿ ಒಂದು ಪುಟ್ಟ ನಗೆ, ನಗೆಯ ಹಿಂದೆ ಮಡಿಸಿಟ್ಟ ಹೊದಿಕೆ, ಬಂದವರಿಗೆ ತೊಂದರೆಯಾಗಬಾರದು, ಮಗಳಿಗೆ ಚುಚ್ಚಬಾರದು, ನನಗೇನೇ, ಎಲ್ಲಿ ಬೇಕಾದ್ರೂ ಮಲಗ್ತೀನಿ, ನೀವು ಕೂತ್ಕೊಳ್ಳಿ — ವಿಜಾಪುರದ ಮಾತು, ದನಿ ಮಾತ್ರ ಅಮ್ಮನದು, ಅಚ್ಚೊತ್ತಿದ ಹಾಗೆ ಅಮ್ಮನದು, ಎಲ್ಲಿ ಕಲಿತಳು, ಬಚ್ಚಲಲ್ಲಿ ಅಭ್ಯಾಸ ಮಾಡಿದ್ದಲ್ಲ ಇದು, ನಲವತ್ತು ವರ್ಷ ಕೇಳಿ ಕೇಳಿ ಒಳಗೆ ಕೂತಿತ್ತು.

ವೇಣು ತಲೆ ಬಗ್ಗಿಸಿದ್ದ, ಆಮೇಲೆ ಅಂಗಿಯ ತೋಳಿನಿಂದ ಮೂಗೊರಸಿಕೊಂಡ, ಮೇಡಂ, ನಮ್ಮಮ್ಮ ನೆನಪಾದ್ರು, ಇದೇ ಫೈನಲ್, ಇನ್ನು ಮುಟ್ಟಲ್ಲ. ಇನ್ನೊಂದ್ಸಲ ತಗೊಳ್ಳೋಣ ವೇಣು. ಬೇಡ ಮೇಡಂ, ಇದಕ್ಕಿಂತ ಚೆನ್ನಾಗಿ ಯಾರ ಕೈಲೂ ಆಗಲ್ಲ. ಪ್ಲೀಸ್. ಸೇವ್ ಮಾಡ್ಬಿಟ್ಟೆ ಮೇಡಂ, ಮುಂದಿನ ಸಾಲು ಹೋಗೋಣ. ಶುಕ್ರವಾರ ಮಧ್ಯಾಹ್ನ ಅಮ್ಮ ದಿವಾನದ ಮೇಲೆ ಕಾಲು ಮಡಚಿ ಕೂತು ಕಿವಿಗೆ ಸಿಕ್ಕಿಸಿಕೊಳ್ಳುತ್ತಾಳೆ, ನಗುತ್ತ, ಗೆಲ್ಲುವವಳ ಹಾಗೆ, ಆಮೇಲೆ ಕೇಳುತ್ತಾಳೆ, ತನ್ನದೇ ದನಿಯನ್ನು ತನ್ನ ಕಿವಿಯಲ್ಲೇ ಕೇಳುತ್ತಾಳೆ, ನಂಬದೆ ಏನು ಮಾಡುತ್ತಾಳೆ, ಭಾನುವಾರ ಮಾಮ ಬರುತ್ತಾನೆ, ಸೋಮವಾರ ರಿಜಿಸ್ಟ್ರಾರ್ ಕಚೇರಿ, ಅಲ್ಲಿ ರುಜು ಬಲ್ಲವರೂ ಹೆಬ್ಬೆರಳು ಒತ್ತಬೇಕು, ಅಕ್ಕಾ ನಿಧಾನ, ಮೆಟ್ಟಿಲು ನೋಡ್ಕೋ, ಎಂದು ಮೊಣಕೈ ಹಿಡಿಯುತ್ತಾನೆ, ಅವನು ಹಿಡಿಯದ ಕೈ, ಆ ಕೈ, ಮೇಡಂ ರೋಲಿಂಗ್, ಮುಂದಿನ ಸಾಲು ಓದಬೇಕು, ಹೆಬ್ಬೆರಳನ್ನು ಉಳಿದ ಬೆರಳುಗಳಿಂದ, ತುಟಿ ತೆರೆದಿದೆ, ದನಿ ಬರುತ್ತಿಲ್ಲ, ಮೇಡಂ, ಹೆಬ್ಬೆರಳನ್ನು, ಮೇಡಂ ಕೇಳಿಸ್ತಿದೆಯಾ, ಹೆಬ್ಬೆರಳು, ಅರಿಶಿನದ ಬಣ್ಣದ ಹೊಸ ಸೀರೆ, ಅದಕ್ಕೆ ತಾಗದ ಹಾಗೆ ದೂರ ಹಿಡಿದ, ಮಸಿ ಮೆತ್ತಿದ, ಅಮ್ಮನ ಹೆಬ್ಬೆರಳು —